ಪರದೆಯ ಆಚೆಯಿಂದ ಬಂದ ‘ಹ್ಞೂಂ’

ಕಾಣದ್ದನ್ನು ಕಂಡೆವೆಂದು, ಕೇಳದ್ದನ್ನು ಕೇಳಿದೆವೆಂದು ಯಾರಾದರೂ ಹೇಳತೊಡಗಿದರೆ ನಾನು ನಡುವೆಯೇ ತಡೆದು, ‘ಆಗ ಗಂಟೆ ಎಷ್ಟಾಗಿತ್ತು? ಬಾಗಿಲು ತೆರೆದಿತ್ತೋ, ಮುಚ್ಚಿತ್ತೋ?’ ಎಂದು ವಿಚಾರಿಸುತ್ತಿದ್ದೆ. ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಆರು ವರ್ಷ ಕನ್ನಡ ಕಲಿಸಿದ ನನಗೆ ಸಡಿಲವಾದ ವಾಕ್ಯವೂ ಸಡಿಲವಾದ ಸಾಕ್ಷ್ಯವೂ ಒಂದೇ ಬಗೆಯ ತಪ್ಪುಗಳಾಗಿ ಕಾಣುತ್ತಿದ್ದವು. ಹೇಳುವವರು ಎರಡನೆಯ ಪ್ರಶ್ನೆಗೆ ಸುಮ್ಮನಾಗುತ್ತಿದ್ದರು, ನಾನು ಗೆದ್ದೆನೆಂದುಕೊಳ್ಳುತ್ತಿದ್ದೆ. ಇಂದು ಅವೇ ಪ್ರಶ್ನೆಗಳನ್ನು ನೀವು ನನಗೆ ಕೇಳಬಹುದು. ಎರಡಕ್ಕೂ ನನ್ನಲ್ಲಿ ಖಚಿತವಾದ ಉತ್ತರವಿದೆ. ನನ್ನ ತೊಂದರೆ ಇರುವುದೇ ಅಲ್ಲಿ.

2014ರಲ್ಲಿ ನಾವು ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿದ್ದೆವು. ಯಜಮಾನರು ಗೈದರ್ಸ್‌ಬರ್ಗಿನ ಪ್ರಯೋಗಾಲಯವೊಂದರಲ್ಲಿ ಎಂಜಿನಿಯರರು. ಮಗಳು ಅಟ್ಲಾಂಟಾದಲ್ಲಿ ಓದುತ್ತಿದ್ದಳು. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ನೆಪದಲ್ಲಿ, ಕಾಲೇಜು ಹುಡುಗರಂತೆ ಬೆನ್ನಿಗೊಂದು ಚೀಲ ಹಾಕಿಕೊಂಡು, ಅಗ್ಗದ ವಸತಿಗಳಲ್ಲಿ ತಂಗುತ್ತ ಮೂರು ವಾರ ವಿಯೆಟ್ನಾಂ ಸುತ್ತಬೇಕೆಂದು ಯಜಮಾನರಿಗೆ ಆಸೆ ಹುಟ್ಟಿತು. ಫೋನಿನಲ್ಲಿ ಮಗಳು ನಕ್ಕಿದ್ದೇ ನಕ್ಕಿದ್ದು.

“ಅಪ್ಪಾ, ಸೀರಿಯಸ್ಲಿ? ಬ್ಯಾಕ್‌ಪ್ಯಾಕಿಂಗ್? ಅಮ್ಮ ಅಲ್ಲಿ ಬಾತ್‌ರೂಮ್ ನೋಡಿದ್ರ ಫೇಂಟ್ ಆಗ್ತಾಳ!”

“ಆಗಲಿ ಬಿಡವಾ, ನಿಮ್ಮಮ್ಮನ್ನೂ ಬ್ಯಾಗಿನಾಗ ಹಾಕ್ಕೊಂಡು ಅಡ್ಡಾಡ್ತೇನಿ,” ಎಂದರು ಇವರು.

ಇವರಿಬ್ಬರಿಗೂ ತಿಳಿಯದ ಸಂಗತಿಯೊಂದಿತ್ತು. ಹೊರಡುವ ಮೊದಲಿನ ವಾರ ನನ್ನ ಎಡ ಸ್ತನದಲ್ಲಿ ಗಂಟೊಂದು ಕೈಗೆ ತಗುಲಿತ್ತು. ವೈದ್ಯೆ ಪರೀಕ್ಷಿಸಿ, ತಡಮಾಡದೆ ಬಯಾಪ್ಸಿ ಆಗಬೇಕೆಂದರು. ನಾನು ಪ್ರವಾಸದ ನಂತರದ ದಿನವೊಂದನ್ನು ಕೇಳಿ ಪಡೆದು, ಮನೆಗೆ ಬಂದು, ಯಾರಿಗೂ ಹೇಳದೆ ಚೀಲ ತುಂಬಿದೆ. ನನ್ನ ತಾಯಿ ಅದೇ ಕಾಯಿಲೆಯಿಂದ ಹೋದವರು. ಬಾಯಿ ಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬಂಥ ಭಯ ನನಗೆ. ಜೊತೆಗೆ, ಯಜಮಾನರಿಗೆ ಏನನ್ನಾದರೂ ಹೇಳಿ ಮುಗಿಸುವುದು ಸುಲಭವಲ್ಲ. ಅರ್ಧ ವಾಕ್ಯ ಕೇಳುವಷ್ಟರಲ್ಲಿ ಅವರು ಪರಿಹಾರ ಸೂಚಿಸಲು ತೊಡಗುತ್ತಾರೆ.

ಹನೋಯ್‌ನ ಹಳೆಯ ಪೇಟೆಯಲ್ಲಿ ನಾವು ಇಳಿದುಕೊಂಡ ಕಟ್ಟಡವು ಒಂದು ಕೋಣೆಯಷ್ಟೇ ಅಗಲವಾಗಿ, ಆರು ಅಂತಸ್ತು ಎತ್ತರಕ್ಕೆ ನಿಂತಿತ್ತು. ನಮ್ಮದು ಎರಡನೆಯ ಅಂತಸ್ತು. ಬೀದಿಯ ಕಡೆಗೆ ಚಾಪೆಯಗಲದ ಬಾಲ್ಕನಿ, ಅದಕ್ಕೊಂದು ಬಾಗಿಲು, ಬಾಗಿಲಿಗೆ ದಪ್ಪನೆಯ ಪರದೆ. ಕೆಳಗೆ ನಸುಕಿನಿಂದಲೇ ಸ್ಕೂಟರುಗಳ ಸದ್ದು. ಯಜಮಾನರು ಎಲ್ಲಿದ್ದರೂ ಸಂಧ್ಯಾವಂದನೆ ಬಿಟ್ಟವರಲ್ಲ. ತಾಮ್ರದ ಪಂಚಪಾತ್ರೆ, ಅದರಿಂದ ನೀರು ತೆಗೆಯುವ ಪುಟ್ಟ ಚಮಚ ಉದ್ಧರಣೆ, ಎರಡೂ ಅವರ ಬೆನ್ನಿನ ಚೀಲದಲ್ಲಿಯೇ ಬಂದಿದ್ದವು. ಸ್ನಾನವಾದ ಮೇಲೆ ಜಪ ಮುಗಿಯುವ ತನಕ ಅವರು ಮಾತನಾಡುವುದಿಲ್ಲ. ತೀರ ಅಗತ್ಯವಾದರೆ ‘ಹ್ಞೂಂ’ ಎನ್ನುತ್ತಾರೆ, ಅಷ್ಟೆ. ಮೊದಲ ಎರಡು ದಿನ ಅವರು ಬಾಲ್ಕನಿಯಲ್ಲಿ, ಪರದೆಯ ಆಚೆ ಕುಳಿತು ಜಪ ಮಾಡಿದರು.

ಮೂರನೆಯ ಬೆಳಿಗ್ಗೆ ಅವರ ಸ್ನಾನ ಮುಗಿದ ಮೇಲೆ ನಾನು ಸ್ನಾನಕ್ಕೆ ಹೋದೆ. ಸೋಪು ಹಚ್ಚುವಾಗ ಗಂಟು ಮತ್ತೆ ಕೈಗೆ ಸಿಕ್ಕಿತು, ಇನ್ನು ತಡೆದುಕೊಳ್ಳಲಾರೆನೆನಿಸಿತು. ಹೊರಗೆ ಬಂದಾಗ ಗಂಟೆ ಆರೂ ನಲವತ್ತು. ಕೋಣೆಯಲ್ಲಿ ಅವರಿರಲಿಲ್ಲ, ಪರದೆ ಎಳೆದಿತ್ತು, ಅದರ ಆಚೆ ಪಂಚಪಾತ್ರೆಗೆ ಉದ್ಧರಣೆ ತಗುಲುವ ಸಣ್ಣ ಸದ್ದು. ಅವರು ನಡುವೆ ಬಾಯಿ ಹಾಕಲಾಗದ ಹೊತ್ತು ಇದೊಂದೇ. ನಾನು ಮಂಚದ ಅಂಚಿನಲ್ಲಿ ಕುಳಿತೆ.

“ಏನ್ರೀ, ನಿಮಗೊಂದು ಹೇಳೋದದ. ನಡುವ ಮಾತಾಡೂದಿಲ್ಲಲ್ಲ, ಅದಕ್ಕ ಈಗ ಹೇಳಲಿಕ್ಕತ್ತೀನಿ.”

“ಹ್ಞೂಂ,” ಎಂದರು.

ಗಂಟಿನ ವಿಷಯ ಹೇಳಿದೆ. ವೈದ್ಯೆಯ ಮಾತು, ನಾನು ಮುಂದೂಡಿದ ದಿನ, ತಾಯಿಯ ಕೊನೆಯ ತಿಂಗಳುಗಳು, ಎಲ್ಲವನ್ನೂ ಹೇಳಿದೆ. ನಾನು ಮಾತು ನಿಲ್ಲಿಸಿದಲ್ಲೆಲ್ಲ ಅದೇ ಗಂಟಲಿನಿಂದ ‘ಹ್ಞೂಂ’ ಬರುತ್ತಿತ್ತು. ಕೊನೆಗೆ, “ನನಗ ಭಾಳ ಹೆದರಿಕಿ ಆಗೇದ್ರೀ,” ಎಂದೆ. ಆಮೇಲೆ ಬಂದ ‘ಹ್ಞೂಂ’ ಮಧ್ಯದಲ್ಲಿಯೇ ಒಡೆಯಿತು. ಅದು ಅಳುತ್ತಿರುವವರ ಧ್ವನಿ. ನಾನು ಮುಖ ಮುಚ್ಚಿಕೊಂಡೆ.

ಆಗ ಕೋಣೆಯ ಬಾಗಿಲಿನಲ್ಲಿ ಕೀಲಿ ತಿರುಗಿತು. ಯಜಮಾನರು ಒಳಗೆ ಬಂದರು. ಹಣೆಯಲ್ಲಿ ಗಂಧ, ಕೈಯಲ್ಲಿ ಪಂಚಪಾತ್ರೆ.

“ಏನ್ರೀ ಅಕ್ಕೋರ, ಯಾಕ ಹಿಂಗ ನೋಡ್ಲಿಕ್ಕತ್ತೀರಿ?” ಎಂದರು. ನಮ್ಮ ಕಡೆ ಮಕ್ಕಳು ಶಿಕ್ಷಕಿಯರನ್ನು ಕರೆಯುವಂತೆ ಕರೆದು ನನ್ನನ್ನು ಛೇಡಿಸುವುದು ಅವರ ರೂಢಿ. “ಬಾಲ್ಕನ್ಯಾಗ ಮ್ಯಾಲಿನವರ ಏಸಿ ನೀರು ಸೋರಲಿಕ್ಕತ್ತಿತ್ತು. ಮಾಳಿಗಿ ಮ್ಯಾಲ ಹೋಗಿ ಜಪಾ ಮುಗಿಸಿ ಬಂದೆ.”

ನಾನು ಪರದೆಯ ಕಡೆ ಬೆರಳು ತೋರಿಸಿದೆ. ಅವರು ಅದನ್ನು ಸರಿಸಿದರು. ಬಾಲ್ಕನಿಯ ಬಾಗಿಲಿಗೆ ಕೋಣೆಯ ಒಳಗಡೆಯಿಂದ, ಮೇಲೆ ಕೆಳಗೆ ಎರಡೂ ಚಿಲಕ ಹಾಕಿದ್ದವು. ಅವರು ಚಿಲಕ ತೆಗೆದರು. ಹೊರಗೆ ನೆಲದ ತುಂಬ ನೀರು, ಯಾರೂ ಇರಲಿಲ್ಲ. ಹತ್ತು ನಿಮಿಷ ನಾನು ಮುಚ್ಚಿದ ಬಾಗಿಲಿಗೆ ಮಾತನಾಡಿದ್ದೆ, ಬಾಗಿಲು ಉತ್ತರ ಕೊಟ್ಟಿತ್ತು.

“ಬಾಗಿಲ ಹೊರಗ ನಿನ್ನ ಧ್ವನಿ ಕೇಳಿಸ್ತು. ಯಾರ ಜೋಡಿ ಮಾತಾಡ್ಲಿಕ್ಕತ್ತಿದ್ದಿ?”

“ನಿಮ್ಮ ಜೋಡಿ.”

ಎರಡನೆಯ ಸಲ ಹೇಳುವಾಗ ಮೂರು ವಾಕ್ಯಗಳು ಸಾಕಾದವು. ಅವರು ಮೊದಲನೆಯ ವಾಕ್ಯದಲ್ಲಿಯೇ ತಡೆದರು, ಸಿಟ್ಟಾದರು, ಫೋನ್ ಕೈಗೆತ್ತಿಕೊಂಡು ಟಿಕೆಟ್ ಬದಲಿಸಲು ಕುಳಿತರು. ಹೊರಡುವ ಮೊದಲು ನಾನು ಅವರನ್ನು ಬಲವಂತದಿಂದ ಆರನೆಯ ಅಂತಸ್ತಿನ ಮೇಲಿನ ಮಾಳಿಗೆಗೆ ಕಳುಹಿಸಿ, ಪಾತ್ರೆ ಬಡಿದು ‘ಹ್ಞೂಂ’ ಎನ್ನಲು ಹೇಳಿ, ಮಂಚದ ಅಂಚಿನಲ್ಲಿ ಅದೇ ಜಾಗದಲ್ಲಿ ಕಿವಿಗೊಟ್ಟು ಕುಳಿತೆ. ಸ್ಕೂಟರುಗಳ ಸದ್ದಲ್ಲದೆ ಬೇರೇನೂ ಕೇಳಿಸಲಿಲ್ಲ. ಮೇಲಿನ ಕೋಣೆಯಲ್ಲಿದ್ದವರು ಇಬ್ಬರು ಯುವತಿಯರು. ಪಕ್ಕದಲ್ಲಿ ಎರಡೂ ಕಡೆ ಬರಿಯ ಗೋಡೆ.

ಗಂಟು ನಾನು ಹೆದರಿದ್ದೇ ಆಗಿತ್ತು. ಬೇಗ ಸಿಕ್ಕಿತೆಂದರು, ಶಸ್ತ್ರಚಿಕಿತ್ಸೆಯಾಯಿತು, ಔಷಧೋಪಚಾರವಾಯಿತು, ನಾನು ಉಳಿದೆ. ಆ ಬೆಳಗಿನ ಬಗ್ಗೆ ಯಜಮಾನರ ವಿವರಣೆ ಸರಳವಾಗಿದೆ: “ನೀ ಅಷ್ಟು ಹೆದರಿದ್ದಿ. ನನ್ನ ‘ಹ್ಞೂಂ’ ದಿನಾ ಕೇಳ್ತಿ, ನಿನ್ನ ಮನಸ್ಸು ಅದನ್ನೇ ಕೇಳಿಸ್ಕೊಂಡದ.” ಇದನ್ನು ಒಪ್ಪಿಬಿಡಬೇಕೆಂದು ನಾನು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಆದರೆ ಕೊನೆಯ ಆ ‘ಹ್ಞೂಂ’ ಒಡೆದದ್ದನ್ನು ಮಾತ್ರ ನಾನು ಅವರಿಗೆ ಹೇಳಿಲ್ಲ. ಅವರು ತಮ್ಮ ತಂದೆ ತೀರಿಕೊಂಡಾಗ ಅಳಲಿಲ್ಲ; ನನ್ನ ವರದಿ ಬಂದ ದಿನ ಅಳಲಿಲ್ಲ. ಕೇಳಿದ್ದನ್ನಲ್ಲವೇ ಮನಸ್ಸು ಮತ್ತೆ ಕೇಳಿಸುವುದು? ಅವರು ಅಳುವಾಗ ಧ್ವನಿ ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ, ಆ ಒಂದು ಬೆಳಿಗ್ಗೆ ಕೇಳಿದ್ದನ್ನು ಬಿಟ್ಟರೆ.