ಪಾಲಿನ ಹೇಂಟೆಗೆ ಹಾಕಿದ ಹೊಲಿಗೆ

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಕೋಳಿಯ ಹೊಟ್ಟೆಗೆ ಹೋಗುವ ದಾರಿಯನ್ನು ಕೊಯ್ದು ಹೊಲಿದವಳು ನಮ್ಮ ನೆಮ್ಮಾರ್ ಕಡೆ ನಾನೊಬ್ಬಳೇ. ಜಂಬ ಅಂದರೆ ಅನ್ನಲಿ.

ನಮ್ಮನೆಗೆ ಮೊಬೈಲು ಬಂದ ವರ್ಷ ಅದು. ಅಡ್ಡಗದ್ದೆಯ ನಾದಿನಿ ಒಂದು ಕೆಂದು ಹೇಂಟೆಯನ್ನು ಪಾಲಿಗೆ ಕೊಟ್ಟಿದ್ದಳು. ಪಾಲಿಗೆ ಅಂದರೆ ಕೋಳಿ ಅವಳದ್ದು, ಸಾಕುವುದು ನಾನು, ಮರಿ ಅರ್ಧರ್ಧ. ಸತ್ತರೆ ಸತ್ತ ಕೋಳಿಯನ್ನೇ ಒಯ್ದು ತೋರಿಸಬೇಕು. ಇಲ್ಲವಾದರೆ ಸಾರು ಮಾಡಿ ತಿಂದರು ಅಂತಲೇ ಆಗುತ್ತದೆ. ನನ್ನ ನಾದಿನಿಯ ಬಾಯಿಗೆ ಆ ಮಾತು ಸಿಕ್ಕಿದರೆ ನೆಂಟರ ಮನೆಗಳಿಗೆಲ್ಲ ಸುದ್ದಿ.

ಒಂದು ಬೆಳಿಗ್ಗೆ ಹೇಂಟೆ ಗೂಡಿನಿಂದ ಇಳಿಯಲಿಲ್ಲ. ಕುತ್ತಿಗೆ ಬುಡದ ಕಾಳಿನ ಚೀಲ ಕಲ್ಲಿನ ಹಾಗೆ ಗಟ್ಟಿ. ಬಾಯಿಯಲ್ಲಿ ಹುಳಿ ವಾಸನೆ. ಎರಡು ದಿನ ಎಣ್ಣೆ ಕುಡಿಸಿ ತಿಕ್ಕಿದೆ. ಕರಗಲಿಲ್ಲ.

"ಅತ್ತೆ, ಸಾಯೋದರೊಳಗೆ ಸಾರು ಮಾಡುವ" ಅಂದಳು ಸೊಸೆ.

"ಸಾರು ಕುಡಿಯುವವಳು ನೀನು, ಬೈಸಿಕೊಳ್ಳುವವಳು ನಾನು. ಕಾಲು ಹಿಡಿ ಸುಮ್ಮನೆ."

ಪುಕ್ಕ ಕಿತ್ತು, ಕುದಿಸಿದ ಬ್ಲೇಡಿನಿಂದ ಬೆರಳಗಲ ಕೊಯ್ದೆ. ಒಳಗೆ ಗೊಬ್ಬರದ ಚೀಲದ ಪ್ಲಾಸ್ಟಿಕ್ ದಾರ, ಹುಲ್ಲು ಸೇರಿ ಉಂಡೆಯಾಗಿತ್ತು. ತೆಗೆದು, ಉಪ್ಪುನೀರಿನಲ್ಲಿ ತೊಳೆದು ಹೊಲಿದೆ. ಅಲ್ಲೇ ತಪ್ಪಿದೆ. ರವಿಕೆಗೆ ಲೈನಿಂಗ್ ಸೇರಿಸುವ ಹಾಗೆ ಒಳಚೀಲ, ಹೊರಚರ್ಮ ಎರಡನ್ನೂ ಒಟ್ಟಿಗೆ ಹಿಡಿದು ಹೊಲಿದಿದ್ದೆ. ಮರುದಿನ ಗಂಜಿತಿಳಿ ಕುಡಿಸಿದರೆ ಹೊಲಿಗೆಯ ಸಂದಿಯಿಂದ ಹೊರಗೆ ಬಂತು.

"ಸೋರ್ತದೆ ಅತ್ತೆ" ಅಂತ ನಕ್ಕಳು ಸೊಸೆ.

ನನಗೆ ನಗು ಬರಲಿಲ್ಲ. ಹೊಲಿಗೆ ಬಿಚ್ಚಿದೆ. ಈ ಸಲ ಒಳಚೀಲಕ್ಕೇ ಬೇರೆ ಒತ್ತೊತ್ತಾಗಿ ಹಾಕಿದೆ, ಚರ್ಮಕ್ಕೆ ಬೇರೆ. ಮೇಲೆ ಅರಿಶಿನ, ಕೊಬ್ಬರಿ ಎಣ್ಣೆ. ಬುಟ್ಟಿ ಕವುಚಿ ಒಂದು ವಾರ ತಿಳಿ ಗಂಜಿ ಮಾತ್ರ. ಎಂಟನೇ ದಿನ ಬುಟ್ಟಿ ಎತ್ತಿದರೆ ನನ್ನ ಕೈಯನ್ನೇ ಕುಕ್ಕಿತು. ಬದುಕಿತು ಅಂತ ಆಗಲೇ ಗೊತ್ತಾಯಿತು.

ತಿಂಗಳು ಕಳೆದು ನಾದಿನಿ ಬಂದಳು. ಅಂಗಳದಲ್ಲಿ ನಿಂತು ಕೋಳಿಯನ್ನೇ ನೋಡಿದಳು.

"ಅತ್ತಿಗೆ, ನಾನು ಕೊಟ್ಟದ್ದು ಬೋಳು ಕುತ್ತಿಗೆಯದ್ದಾ? ನನ್ನ ಹೇಂಟೆ ಎಲ್ಲಿ?"

"ಅದೇ ಮಾರಾಯ್ತಿ. ಪುಕ್ಕ ಇನ್ನೂ ಪೂರ್ತಿ ಬಂದಿಲ್ಲ."

"ಕೋಳಿ ಬದಲಾಯಿಸಿ ಕಥೆ ಹೇಳ್ತೀಯಾ?"

ನಾನು ಹೇಂಟೆಯನ್ನು ಹಿಡಿದು ಅವಳನ್ನು ಜಗಲಿಯಲ್ಲಿ ಕೂರಿಸಿ ಮಡಿಲಿಗೆ ಹಾಕಿ, ಅವಳ ಬೆರಳನ್ನು ಕುತ್ತಿಗೆಯ ಗಾಯದ ಗೆರೆಯ ಮೇಲೆ ಇಟ್ಟೆ. ಎರಡು ಸಲ ಮುಟ್ಟಿ ನೋಡಿದಳು. ಕಾಲಿನ ಮುರಿದ ಉಗುರನ್ನೂ ನೋಡಿದಳು. ಅದು ಅವಳ ಮನೆಯಲ್ಲೇ ಮುರಿದದ್ದು. ಕಾಫಿ ಕುಡಿದು ಲೋಟ ಕೆಳಗಿಟ್ಟಳು.

ಆಮೇಲೆ ಮೆಲ್ಲಗೆ, "ನಮ್ಮಲ್ಲಿ ಇನ್ನೊಂದು ಕುಂಟುತ್ತಿದೆ ಅತ್ತಿಗೆ, ಕಳಿಸಲಾ?"

"ಕಳಿಸು. ಪಾಲಿಗಲ್ಲ ಮತ್ತೆ. ವಾಸಿಯಾದರೆ ಇಡೀ ಕೋಳಿ ನನ್ನದು."

ಮರುದಿನವೇ ಬಸ್ಸಿನಲ್ಲಿ ಬುಟ್ಟಿ ಬಂತು.