ತಮ್ಮನ ಜಡೆ

ಮಲೇಷ್ಯಾದ ಪೆಟಾಲಿಂಗ್ ಜಯಾದ ಒಂದು ಬಾರಿನಲ್ಲಿ ನನ್ನ ತಮ್ಮ ಜಮೈಕಾದ ರೆಗ್ಗೆ ಹಾಡುಗಳಿಗೆ ಗಿಟಾರ್ ನುಡಿಸುತ್ತಿದ್ದ. ಕಣ್ಣು ಮುಚ್ಚಿ, ಎಡಗಾಲಿನಿಂದ ತಾಳ ಹಾಕುವಾಗ ಸೊಂಟದವರೆಗಿನ ಗಂಟುಗಟ್ಟಿದ ಜಡೆಗಳು ತೂಗುತ್ತಿದ್ದವು. ಕೂದಲು ಕತ್ತರಿಸದಿರುವುದು ಅವನು ನಂಬಿದ ರಾಸ್ತಾ ಧರ್ಮದ ವ್ರತ. ನಾನು ಹೆಚ್ಚು ಓದಿದವಳಲ್ಲ. ಜಮೈಕಾದಲ್ಲಿ ಗುಲಾಮರ ಮಕ್ಕಳು ಹೀಗೆ ಜಡೆ ಬಿಟ್ಟೇ ಧಣಿಗಳಿಗೆ ಎದುರು ನಿಂತರು ಎಂದು ಅವನೇ ಹೇಳಿದ್ದು. ಯಾರಾದರೂ ಕೆಣಕಿದರೆ ಇಲ್ಲಿಯವರ ಹಾಗೆ ಕೊನೆಗೊಂದು 'ಲಾ' ಸೇರಿಸಿ, "ತಲಿ ನಂದು, ಲಾ" ಎಂದು ನಗುತ್ತಿದ್ದ.

ಲಾಕ್‌ಡೌನಿನಲ್ಲಿ ಬಾರು ಮುಚ್ಚಿತು. ಅವನು ನಮ್ಮ ಫ್ಲ್ಯಾಟಿಗೆ ಬಂದ. ಲಿಫ್ಟಿನಲ್ಲಿ ಜನ ಅವನನ್ನು ಕಂಡು ಸರಿದು ನಿಲ್ಲುತ್ತಿದ್ದರು.

"ತೆಗಸೋ ತಮ್ಮಾ, ನಾಚಿಕಿ ಆಗ್ತದ."

"ಅಜ್ಜಿ ಜಡಿಗೆ ಭಂಡಾರ ಹಚ್ಚತಿದ್ದಿ. ನನ್ನ ಜಡಿಗ್ಯಾಕ ನಾಚಿಕಿ, ಯಕ್ಕಾ?"

ಅಜ್ಜಿಯದು ತಾನಾಗಿ ಗಂಟುಗಟ್ಟಿದ, ಎಲ್ಲಮ್ಮ ದೇವಿಯದೆಂದು ನಂಬಿದ ಜಡೆ. ಅದಕ್ಕೆ ಕತ್ತರಿ ತಾಗಿಸುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ.

"ಅದು ದೇವರದು," ಎಂದೆ.

"ಇದೂ ದೇವರದ."

ಆಮೇಲೆ ಅವನಿಗೆ ಕೊರೋನಾ ಬಂತು. ಜ್ವರದಲ್ಲಿ ಮೈಮರೆತು ಮಲಗಿದ್ದಾಗ ಅಡುಗೆಮನೆಯ ಕತ್ತರಿ ತಂದು ಒಂದೊಂದೇ ಜಡೆ ಕತ್ತರಿಸಿದೆ. ಬೆವರಿಗೆ ತಲೆ ಒದ್ದೆಯಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜಕ್ಕೂ ನೆನಪಾಗಿದ್ದು ಲಿಫ್ಟಿನ ಜನ.

ಎಚ್ಚರವಾದಾಗ ತಲೆ ಸವರಿಕೊಂಡ. ಬೈಯಲಿಲ್ಲ.

"ಹಂಗಾರ ಈಗ ತಲಿ ನಿಂದಾತು, ಯಕ್ಕಾ."

ಕತ್ತರಿಸಿದ ಜಡೆಗಳನ್ನೆಲ್ಲ ತನ್ನ ಕೆಂಪು, ಹಳದಿ, ಹಸಿರಿನ ಟೋಪಿಯಲ್ಲಿ ತುಂಬಿಕೊಂಡ. ವಾಸಿಯಾದ ಮೇಲೆ ಹೊರಟುಹೋದ.

ಹಬ್ಬಕ್ಕೆ ಈಗಲೂ ವಿಡಿಯೋ ಕರೆ ಮಾಡುತ್ತಾನೆ, ಆ ಟೋಪಿ ಹಾಕಿಕೊಂಡೇ. ಕೂದಲು ಎಷ್ಟು ಬೆಳೆದಿದೆ ಎಂದು ಕೇಳಲು ನನಗೆ ಬಾಯಿ ಬರುವುದಿಲ್ಲ.