ಇಲ್ಲದ ಕಲೆಗಳು

ಘಾಟ್ಕೋಪರಿನಲ್ಲಿ ನಾನು ಕೊಂಡ ಮನೆಯ ಅಡುಗೆಕಟ್ಟೆಗೆ ಕಲ್ಲಿರಲಿಲ್ಲ, ಸ್ಟೀಲ್ ಇತ್ತು. ನನಗಿಂತ ಮೊದಲಿದ್ದವರು ಮನೆಯಲ್ಲೇ ಅಡುಗೆ ಮಾಡಿ ಆಫೀಸುಗಳಿಗೆ ಡಬ್ಬಿ ಕಳಿಸುತ್ತಿದ್ದರು. ಹೋಟೆಲಿನವರ ಹಾಗೆ ಗೋಡೆಯಿಂದ ಗೋಡೆಗೆ ಸ್ಟೀಲ್ ತಗಡು ಹಾಸಿಸಿದ್ದರು. ಐವತ್ತು ಜನರ ಅಡುಗೆಗೆ ಸಾಕಾಗುವ ಕಟ್ಟೆ. ಅದರ ಮೇಲೆ ನನ್ನದೊಂದು ಕುಕ್ಕರ್, ಒಂದು ತಟ್ಟೆ, ಒಂದು ಲೋಟ.

ಮೊದಲ ಭಾನುವಾರವೇ ತಂತಿಯ ಸ್ಕ್ರಬ್ಬರ್ ಹಿಡಿದು ಅದನ್ನು ಗರಗರ ಉಜ್ಜಿದೆ. ವಿಜಯಪುರದಲ್ಲಿ ಅವ್ವ ಹಿತ್ತಾಳೆ ಕೊಡ ಉಜ್ಜುತ್ತಿದ್ದ ರಭಸ ನನ್ನ ಕೈಗೂ ಬಂದಿದೆ. ಒಣಗಿದ ಮೇಲೆ ನೋಡಿದರೆ ತಗಡಿನ ತುಂಬ ಸುತ್ತು ಸುತ್ತು ಗೀರು. ನಾಲ್ಕು ದಿನದಲ್ಲಿ ಗೀರುಗಳ ನಡುವೆ ತುಕ್ಕಿನ ಚುಕ್ಕೆಗಳೂ ಎದ್ದವು. ಸ್ಟೀಲಿಗೆ ತುಕ್ಕು ಹಿಡಿಸಿದ ಕೀರ್ತಿ ನನ್ನದು.

ಸ್ಟೇಷನ್ನಿನ ದಾರಿಯಲ್ಲಿ ಒಂದು ಉಡುಪಿ ಹೋಟೆಲಿತ್ತು. ಬೆಳಿಗ್ಗೆ ಅಲ್ಲಿ ನಿಂತು ಚಹಾ ಕುಡಿದು ಲೋಕಲ್ ಹಿಡಿಯುವುದು ನನ್ನ ರೂಢಿ. ಅಲ್ಲಿಯ ಸ್ಟೀಲ್ ಕೌಂಟರಿನಲ್ಲಿ ಮುಖ ಕಾಣುತ್ತಿತ್ತು. ಚಹಾ ಕೊಡುವವರೂ, ಕೌಂಟರ್ ಒರೆಸುವವರೂ ಒಬ್ಬರೇ, ಅರವತ್ತರ ಹತ್ತಿರದವರು. ಒಂದು ದಿನ ಕಟ್ಟೆಯ ಕಥೆಯನ್ನು ಅವರಿಗೆ ಹಿಂದಿಯಲ್ಲಿ ಹೇಳಿದೆ. ಅವರ ಉತ್ತರ ಬಂದದ್ದು ಕನ್ನಡದಲ್ಲಿ. ನನ್ನ ಹಿಂದಿ ಕೇಳಿದರೆ ಯಾರಿಗಾದರೂ ಗೊತ್ತಾಗುತ್ತದೆ ಬಿಡಿ.

“ಮರದ ಹಾಗೆ ಸ್ಟೀಲಿಗೂ ಎಳೆ ಉಂಟು ಅಕ್ಕ. ಅದು ಹೋದ ಕಡೆಗೇ ಕೈ ಹೋಗ್ಬೇಕು,” ಎಂದರು. ತಂತಿ ಮುಟ್ಟಲೇಬಾರದಂತೆ, ಅದರ ಪುಡಿ ಉಳಿದು ತುಕ್ಕಾಗುತ್ತದಂತೆ. ಮೆತ್ತಗಿನ ಬಟ್ಟೆ, ಸೋಪಿನ ನೀರು, ಕೂಡಲೇ ಒಣಬಟ್ಟೆ. ತುಕ್ಕಿಗೆ, ನೀರಿನ ಕಲೆಗೆ ಲಿಂಬೆಹಣ್ಣು. ಕೊನೆಯಲ್ಲಿ ಒಂದೇ ತೊಟ್ಟು ಎಣ್ಣೆ.

ಹಾಗೇ ಮಾಡಿದೆ. ತುಕ್ಕು ಹೋಯಿತು, ಕಟ್ಟೆ ಹೊಳೆಯಿತು. ತೊಂದರೆ ಶುರುವಾದದ್ದೇ ಅಲ್ಲಿಂದ. ಒಬ್ಬಳ ಅಡುಗೆಯಲ್ಲಿ ಕಲೆ ಆಗುವುದಾದರೂ ಎಷ್ಟು? ಹೋಟೆಲಿನಲ್ಲಿ ಅವರನ್ನು ಕೇಳುವುದಕ್ಕೆ ಏನೂ ಉಳಿಯಲಿಲ್ಲ. ಆಫೀಸಿನಲ್ಲಿ ಹಿಂದಿ, ಬಿಲ್ಡಿಂಗಿನಲ್ಲಿ ಗುಜರಾತಿ, ಮನೆಯೊಳಗೆ ಯಾವ ಭಾಷೆಯೂ ಇಲ್ಲ. ಇಡೀ ದಿನದಲ್ಲಿ ನಾನು ಆಡುತ್ತಿದ್ದ ಕನ್ನಡ ಆ ನಾಲ್ಕು ಮಾತು. ಅದೂ ನಿಂತ ವಾರ, ಫಳಫಳ ಹೊಳೆಯುವ ಕಟ್ಟೆಯ ಮುಂದೆ ನಿಂತು ಅತ್ತೆ.

ಆಮೇಲೆ ಸುಳ್ಳು ಹೇಳಿದೆ. ಕಟ್ಟೆಗೆ ಅರಿಷಿಣ ಹಿಡಿದಿದೆ, ಏನು ಮಾಡಿದರೂ ಹೋಗುತ್ತಿಲ್ಲ ಎಂದೆ. ಅವರು ಒರೆಸುತ್ತಿದ್ದ ಕೈ ನಿಲ್ಲಿಸಿ ನನ್ನನ್ನು ನೋಡಿದರು. ಅಡುಗೆ ಸೋಡಾ ಕಲಸಿ ಹಚ್ಚಲು ಹೇಳಿದರು. ಮುಂದಿನ ವಾರ ಬೀಟ್ರೂಟ್. ಅದರ ಮುಂದಿನ ವಾರ ಮೆಹಂದಿ. ಎರಡು ವರ್ಷ ನಾನು ಹೇಳಿದ ಕಲೆಗಳನ್ನೆಲ್ಲ ನಂಬುವುದಾದರೆ ನನ್ನ ಮನೆಯಲ್ಲಿ ವಾರಕ್ಕೊಂದು ಮದುವೆ ನಡೆದಿರಬೇಕು. ಅವರು ಒಂದಕ್ಕೂ ನಗಲಿಲ್ಲ. ಒಂದೊಂದಕ್ಕೂ ಒಂದೊಂದು ಉಪಾಯ ಹೇಳಿದರು.

ನಿಮ್ಮೂರು ಯಾವುದು ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನನಗೆ ಕಾರಣವಿತ್ತು. ಊರಿನಿಂದ ಶುರುವಾದ ಮಾತು ಯಜಮಾನರು ಏನು ಮಾಡುತ್ತಾರೆ ಎನ್ನುವಲ್ಲಿಗೆ ಬಂದೇ ಬರುತ್ತದೆ. ಮದುವೆ ಆಗಿಲ್ಲ ಎಂದರೆ ಯಾಕೆ ಎನ್ನುತ್ತಾರೆ. ಐವತ್ತು ದಾಟಿದರೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕಲೆಯ ಮಾತಿನಲ್ಲಿ ಆ ಭಯವಿರಲಿಲ್ಲ.

ಈ ಬೇಸಿಗೆಯಲ್ಲಿ ಹೋಟೆಲು ಮುಚ್ಚುತ್ತದೆ ಎಂದು ಬಾಗಿಲಿಗೆ ಕಾಗದ ಅಂಟಿಸಿದರು. ಆ ಜಾಗಕ್ಕೆ ಮೊಬೈಲ್ ಅಂಗಡಿ ಬರುತ್ತದಂತೆ. ಕೊನೆಯ ದಿನ ಬೆಳಿಗ್ಗೆ ಹೋದಾಗಲೂ ಅವರು ಕೌಂಟರ್ ಒರೆಸುತ್ತಿದ್ದರು. ಮರುದಿನ ಗುಜರಿಯವನು ಬಂದು ಅದನ್ನು ಕತ್ತರಿಸಿ ಒಯ್ಯುವವನಿದ್ದ. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಮುಂದೇನು ಎಂದದ್ದಕ್ಕೆ, ಊರಿಗೆ ಹೋಗುತ್ತೇನೆ ಎಂದರು. ಚಹಾ ಇಟ್ಟು, ತಲೆ ಎತ್ತದೆ ಹೇಳಿದರು:

“ಸ್ಟೀಲಿಗೆ ಅರಶಿನ ಹಿಡಿಯುದಿಲ್ಲ ಅಕ್ಕ. ಒದ್ದೆ ಬಟ್ಟೆಯಲ್ಲಿ ಒರೆಸಿದ್ರೆ ಮುಗೀತು. ನೀವು ಕೇಳಿದ ದಿನವೇ ನಂಗೆ ಗೊತ್ತಿತ್ತು.”

“ಮತ್ತ ಸೋಡಾ ಹಚ್ಚರಿ ಅಂತ ಯಾಕ ಹೇಳಿದ್ರಿ?”

“ನೀವು ಕೇಳಿದ್ರಲ್ಲ.”

ನನ್ನ ಮುಖ ಬಿಸಿಯಾಯಿತು. ಅವರ ಊರು, ಫೋನ್ ನಂಬರು, ಮನೆಯಲ್ಲಿ ಯಾರ್ಯಾರಿದ್ದಾರೆ, ಎಲ್ಲ ಕೇಳಬೇಕಿತ್ತು. ಇನ್ನು ಹೆದರುವುದಕ್ಕೆ ಏನು ಉಳಿದಿತ್ತು? ಲೋಕಲಿಗೂ ಇನ್ನೂ ಸಮಯವಿತ್ತು. ಬಾಯಿ ತೆರೆದೆ.

“ಹಾಲು ಉಕ್ಕಿ ಹತ್ತಿದ ಕಲಿ ಹ್ಯಾಂಗ ಹೋಗತದರಿ?” ಎಂದೆ.

ಅವರು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಕಲೆಯ ಮೇಲೆ ಹಾಸಬೇಕು, ಕಾಲು ಗಂಟೆ ಬಿಡಬೇಕು, ಆಮೇಲೆ ಮೆಲ್ಲಗೆ ಒರೆಸಬೇಕು, ಅವಸರ ಮಾಡಬಾರದು ಎಂದು ಒಂದೊಂದಾಗಿ ಹೇಳಿದರು. ನಾನು ತಲೆಯಾಡಿಸುತ್ತ ಪೂರ್ತಿ ಕೇಳಿಸಿಕೊಂಡೆ. ನಾನು ಮನೆಗೆ ಹಾಲು ತರಿಸುವುದೇ ಇಲ್ಲ.